ಮುನಿರಾಜಪ್ಪನ ಉಸಿರು, ಅಕ್ತರನ ಡಬ್ಬಿ

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅಕ್ತರನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅಂಗಡಿ ಎಂದು ಮರ್ಯಾದೆಗೆ ಹೇಳಬೇಕು ಅಷ್ಟೇ, ಅಕ್ತರ್ ಒಳಗೆ ಕೂತರೆ ಗಿರಾಕಿ ರಸ್ತೆಯಲ್ಲೇ ನಿಲ್ಲಬೇಕು. ಅಷ್ಟು ಜಾಗದಲ್ಲಿ ಕೂತು ಅವನು ಇಪ್ಪತ್ತು ವರ್ಷ ಕಂಟೋನ್ಮೆಂಟಿನ ರೇಡಿಯೋ, ಟೇಪ್‌ರೆಕಾರ್ಡರುಗಳ ಗೊರಗೊರ ನಿಲ್ಲಿಸಿದ್ದ. ಗೊರಗೊರ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಸದ್ದಿನಲ್ಲಿ ಚೂರು ಕಸ ಕೇಳಿಸಿದರೂ ಸಾಕು, ಊಟ ಬಿಟ್ಟು ಎದ್ದು ಬರುವ ಜಾತಿ.

ಅವನಿಗೆ ಇನ್ನೊಂದು ಅಭ್ಯಾಸವೂ ಇತ್ತು. ಒಳ್ಳೆಯ ಸಂಗೀತ ಕಿವಿಗೆ ಬಿದ್ದರೆ ಬಾಯಿ ತಾನಾಗಿ "ವಾಹ್ ರೇ ವಾಹ್" ಎನ್ನುತ್ತಿತ್ತು. ದರ್ಗಾದ ಕವ್ವಾಲಿಯಲ್ಲಿ ಹಾಗೆನ್ನುವುದು ಹಾಡುವವರಿಗೆ ಕೊಡುವ ಮರ್ಯಾದೆ. ಆದರೆ ಅಕ್ತರನಿಗೆ ಮದುವೆ ಬ್ಯಾಂಡೂ ಒಂದೇ, ಹಲಸೂರಿನ ದೇವಸ್ಥಾನದ ಓಲಗವೂ ಒಂದೇ. ಪಕ್ಕದಲ್ಲಿ ಹೆಂಡತಿ ಶರ್ಫುನ್ನೀಸಾ ಇದ್ದರೆ ಮೊಣಕೈಯಿಂದ ಪಕ್ಕೆಗೆ ತಿವಿದು, "ಚುಪ್ ಬೈಠೋ ಜೀ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ತಿವಿತ ಎಷ್ಟು ಬಿದ್ದಿದೆಯೋ ಲೆಕ್ಕ ಇಟ್ಟವರಿಲ್ಲ.

ಇಂದಿರಾನಗರದಲ್ಲಿ ಭಗವಂತರಾಯರು ಎಂಬುವರು ಮನೆಯ ಕೆಳಗಡೆಯೇ ಸ್ಟುಡಿಯೋ ಮಾಡಿಕೊಂಡು ಭಕ್ತಿಗೀತೆಯ ಕ್ಯಾಸೆಟ್ಟು ತೆಗೆಯುತ್ತಿದ್ದರು. ಅಲ್ಲಿ ಏನು ಕೆಟ್ಟರೂ ಅಕ್ತರನಿಗೇ ಕರೆ. ತೊಂಬತ್ತನೇ ಇಸವಿಯಲ್ಲಿ ಒಂದು ದಿನ ಅವನು ಮೂಲೆಯಲ್ಲಿ ಹಳೆಯ ಆಂಪ್ಲಿಫೈಯರೊಂದನ್ನು ಬಿಚ್ಚಿಕೊಂಡು ಕೂತಿದ್ದಾಗ, ಹಲಸೂರಿನ ಮುನಿರಾಜಪ್ಪ ಬಂದು ನಾದಸ್ವರ ಊದಿದ. ಅಕ್ತರನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಐದು ನಿಮಿಷದ ಮೇಲೆ ರಾಯರು ಅದನ್ನೇ ಟೇಪಿನಿಂದ ಸ್ಪೀಕರಿನಲ್ಲಿ ಕೇಳಿಸಿದರು. ಒಂದು ಕೂದಲೂ ಏಳಲಿಲ್ಲ.

"ಈಗ ಇಲ್ಲೇ ಇದ್ದ ಮುನಿರಾಜಣ್ಣ ಇದರೊಳಗೆ ಎಲ್ಲಿ ಹೋದ್ರು ಸಾರ್?" ಎಂದು ಅಕ್ತರ್ ಕೇಳಿದ.

"ಎಷ್ಟೇ ಆದ್ರೂ ಅದು ಸ್ಪೀಕರ್ ಕಣಪ್ಪ. ಅಷ್ಟೇ ಬರೋದು," ಎಂದರು ರಾಯರು.

ಆ "ಅಷ್ಟೇ" ಅವನ ತಲೆ ಹೊಕ್ಕಿದ್ದು ಆರು ವರ್ಷ ಇಳಿಯಲಿಲ್ಲ. ಹಗಲು ಅಂಗಡಿ, ಸಂಜೆ ಸ್ಪೀಕರ್ ಕಟ್ಟುವ ಕೆಲಸ. ಫ್ರೇಜರ್ ಟೌನಿನ ಮನೆಯ ಮುಂದಿನ ಕೋಣೆಯಲ್ಲಿ ಒಂದೊಂದಾಗಿ ಎಂಟು ಮರದ ಡಬ್ಬಿಗಳು ನಿಂತವು, ಒಂದೊಂದೂ ಬೀರುವಿನ ಎತ್ತರ. ನೆಂಟರು ಬಂದರೆ ಕೂರಲು ಜಾಗವಿಲ್ಲದೆ ಅಡುಗೆಮನೆ ಬಾಗಿಲಲ್ಲಿ ನಿಂತೇ ಚಾ ಕುಡಿದು ಹೋಗಬೇಕು. ಶರ್ಫುನ್ನೀಸಾಗೆ ಯಂತ್ರದಿಂದ ಬರುವ ಸದ್ದಿನ ಮೇಲೆ ಮೊದಲೇ ನಂಬಿಕೆಯಿಲ್ಲ. ಗಂಡ ಅಂಗಡಿಯಿಂದ ಫೋನ್ ಮಾಡಿದರೂ ಪ್ರತಿಸಲ "ಯಾರು ಮಾತಾಡೋದು?" ಎಂದು ಕೇಳುವವಳು. "ನಾನೇ ಕಣೇ" ಎಂದರೆ, "ನಿಮ್ಮ ದನಿ ಹೀಗಿಲ್ಲ, ಇದು ಡಬ್ಬಿ ಸದ್ದು" ಎಂದುಬಿಡುತ್ತಿದ್ದಳು.

ತೊಂಬತ್ತಾರರಲ್ಲಿ ಮಗಳು ನೌರೀನಳಿಗೆ ಗಂಡು ಗೊತ್ತಾಗುವ ಹಾಗಾಯಿತು. ಗಂಡಿನ ಕಡೆಯವರು ಭಾನುವಾರ ಬರುತ್ತೇವೆಂದು ಹೇಳಿ ಕಳಿಸಿದರು. ಶರ್ಫುನ್ನೀಸಾ ಡಬ್ಬಿಗಳ ನಡುವೆ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಬರೋ ಹನ್ನೆರಡು ಜನಾನ ಎಲ್ಲಿ ಕೂರಿಸಲಿ, ಇವುಗಳ ತಲೆ ಮೇಲಾ? ಎಲ್ಲ ಗುಜರಿಗೆ ಹಾಕಿ."

"ಮುನಿರಾಜಣ್ಣ ಊದೋದಕ್ಕೂ ನನ್ನ ಡಬ್ಬಿ ಊದೋದಕ್ಕೂ ನಿನಗೆ ವ್ಯತ್ಯಾಸ ಗೊತ್ತಾದ್ರೆ ನಾಳೇನೇ ಹಾಕ್ತೀನಿ," ಎಂದುಬಿಟ್ಟ ಅಕ್ತರ್. ಒಂದು ಗಳಿಗೆ ಬಿಟ್ಟು, "ಆಮೇಲೆ ಸ್ಪೀಕರ್ ಮುಟ್ಟೋದೂ ಇಲ್ಲ," ಎಂದೂ ಸೇರಿಸಿದ.

ಅವನಿಗೆ ಅಷ್ಟು ಧೈರ್ಯ ಬರಲು ಕಾರಣವಿತ್ತು. ಎರಡು ತಿಂಗಳ ಹಿಂದೆಯೇ ರಾಯರ ಸ್ಟುಡಿಯೋದಲ್ಲಿ ಮುನಿರಾಜಪ್ಪನ ನಾದಸ್ವರವೊಂದನ್ನೇ, ಡೋಲು ಇಲ್ಲದೆ, ದೊಡ್ಡ ಸ್ಪೂಲ್ ಟೇಪಿಗೆ ತುಂಬಿಸಿದ್ದ. ಆಮೇಲೆ ಅದರದೊಂದು ನಕಲು ತೆಗೆದು, ನಕಲಿನಿಂದ ಕಸವನ್ನೆಲ್ಲ ಬ್ಲೇಡಿನಲ್ಲಿ ಕತ್ತರಿಸಿ ತೆಗೆದಿದ್ದ. ಕಸವೆಂದರೆ ಮುನಿರಾಜಪ್ಪ ಉಸಿರು ಎಳೆದುಕೊಳ್ಳುವ ಸದ್ದು, ಕುರ್ಚಿಯ ಕಿರಕ್. ಮೈಕಿನ ಬುಡದಲ್ಲೇ ಕೂತಿದ್ದ ಅವನ ಬಾಯಿಂದಲೂ ಒಂದು ಸಲ "ವಾಹ್ ರೇ ವಾಹ್" ಹೊರಟುಹೋಗಿತ್ತು. ನಾಚಿಕೆಯಾಗಿ ಎಲ್ಲಕ್ಕಿಂತ ಮೊದಲು ಅದನ್ನೇ ಕತ್ತರಿಸಿದ್ದ.

ಶನಿವಾರ ಮಧ್ಯಾಹ್ನ ಎಲ್ಲರೂ ಸ್ಟುಡಿಯೋದಲ್ಲಿ ಸೇರಿದರು. ಮುನಿರಾಜಪ್ಪನ ಜೊತೆಗೆ ಡೋಲಿನ ಅಂಜನಮೂರ್ತಿಯೂ ಬಂದ. ಅವನಿಗೆ ಅಲ್ಲಿ ಕೆಲಸವಿರಲಿಲ್ಲ. ಆದರೆ ಮೂವತ್ತು ವರ್ಷದಿಂದ ಪಕ್ಕದಲ್ಲಿ ಡೋಲು ಇಟ್ಟುಕೊಂಡು ಊದಿದ ಮುನಿರಾಜಪ್ಪ, "ಅವನು ಪಕ್ಕದಲ್ಲಿಲ್ದೆ ನಂಗೆ ಊದಕ್ಕೇ ಬರಲ್ಲ ಅಕ್ತರ್ ಭಾಯ್" ಎಂದು ಹಟ ಹಿಡಿದಿದ್ದ. ಅಕ್ತರ್ ಮಾಸ್ಕ್ ರೋಡಿನಿಂದ ಬಿರಿಯಾನಿ ತಂದಿದ್ದ. ರಾಯರು ತಮ್ಮ ಮೊಸರನ್ನದ ಡಬ್ಬಿಯೊಂದಿಗೆ ಹೊರಗೆ ಜಗಲಿಗೆ ಹೋದರು, ಅಂಜನಮೂರ್ತಿ ರಾಯರ ಪಾಲನ್ನೂ ಸೇರಿಸಿ ತಿಂದ.

ಕೋಣೆಗೆ ಅಡ್ಡಲಾಗಿ ಕಪ್ಪು ಪರದೆ ಬಿತ್ತು. ಪರದೆಯ ಹಿಂದೆ ಅಕ್ತರ್ ಮನೆಯಿಂದ ತಂದ ಎರಡು ಡಬ್ಬಿ, ನಾದಸ್ವರದ ಮುನಿರಾಜಪ್ಪ, ಡೋಲು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ ಅಂಜನಮೂರ್ತಿ, ಟೇಪಿನ ಮುಂದೆ ಅಕ್ತರ್. ಈಚೆ ಕಡೆ ಶರ್ಫುನ್ನೀಸಾ. ಅದೇ ರಾಗವನ್ನು ಒಂದು ಸಲ ಮನುಷ್ಯ ಊದಿದ, ಒಂದು ಸಲ ಡಬ್ಬಿ ಊದಿತು.

"ಎರಡನೇದು ಡಬ್ಬಿ," ಎಂದಳು ಶರ್ಫುನ್ನೀಸಾ. ಒಂದು ಕ್ಷಣವೂ ಯೋಚಿಸಲಿಲ್ಲ.

ಪರದೆ ಸರಿಸಿ ಹೊರಬಂದ ಅಕ್ತರನ ಮುಖ ಸುಟ್ಟ ಬದನೆಕಾಯಿ. "ಹೇಗೆ ಗೊತ್ತಾಯ್ತು?"

"ಎರಡನೇ ಸಲ ಅವರು ಅಷ್ಟುದ್ದ ಊದಿದ್ರು, ಒಂದ್ಸಲನೂ ಉಸಿರು ತಗೊಳ್ಳಲಿಲ್ಲ. ನನಗೇ ಕಟ್ಟಿದ ಹಾಗಾಯ್ತು."

ಅಕ್ತರ್ ಹಾಗೇ ನೆಲಕ್ಕೆ ಕೂತ. ಆರು ವರ್ಷ ಮುನಿರಾಜಪ್ಪನನ್ನು ಹುಡುಕಿದ್ದವನು ಸಿಕ್ಕ ಮೇಲೆ ಅವನ ಉಸಿರನ್ನೇ ಕಸವೆಂದು ಗುಡಿಸಿ ಎಸೆದಿದ್ದ. ಇಪ್ಪತ್ತು ವರ್ಷ ಗೊರಗೊರ ತೆಗೆದೂ ತೆಗೆದೂ ಕೈಗೆ ಅದೇ ರೂಢಿಯಾಗಿತ್ತು. ತನ್ನ ಮೇಲೆ ಅವನಿಗೆ ಕೆಟ್ಟ ಸಿಟ್ಟು ಬಂತು.

"ಕತ್ತರಿಸದೇ ಇರೋ ಟೇಪೂ ತಂದಿದೀನಿ. ಒಂದೇ ಒಂದ್ಸಲ ಕೇಳ್ತೀಯಾ?" ಎಂದು ಹೆಂಡತಿಯನ್ನು ಬೇಡಿಕೊಂಡ.

ಶರ್ಫುನ್ನೀಸಾ ಗಂಡನ ಮುಖ ನೋಡಿ, "ಒಂದೇ ಸಲ," ಎಂದಳು. ಅವಳಿಗೂ ಪಾಪ ಎನಿಸಿತ್ತು, ಆದರೆ ತೋರಿಸಿಕೊಳ್ಳುವ ಹೆಂಗಸಲ್ಲ.

ಈ ಸಲ ಟೇಪು ಹಾಕುವುದೂ, ಯಾವುದು ಮೊದಲು ಎನ್ನುವುದೂ ತಮಗೇ ಬಿಡಬೇಕೆಂದು ರಾಯರು ಹೇಳಿ ಪರದೆಯ ಹಿಂದೆ ಹೋದರು. ಶರ್ಫುನ್ನೀಸಾ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಅಕ್ತರ್ ಪರದೆಯ ಹಿಂದೆ ನಿಲ್ಲಲು ಧೈರ್ಯ ಸಾಲದೆ, ಸದ್ದಾಗದಂತೆ ಬಂದು ಅವಳ ಹಿಂದಿನ ಬೆಂಚಿನ ಮೇಲೆ ಕೂತ. ಅದು ಅವಳಿಗೆ ಗೊತ್ತಾಗಲಿಲ್ಲ.

ನಾದಸ್ವರ ಶುರುವಾಯಿತು. ಆಲಾಪನೆ ಮೇಲೆ ಹತ್ತಿತು, ನಿಧಾನವಾಗಿ ಇಳಿಯಿತು, ನಿಂತಿತು. ಊದುವವನು ಎದೆ ತುಂಬ ಒಂದು ದೊಡ್ಡ ಉಸಿರು ಎಳೆದುಕೊಂಡದ್ದು ಕೇಳಿಸಿತು. ಆ ಉಸಿರು ಕೇಳಿದ ಮೇಲೆಯೇ ಡೋಲಿನವನು ಕೈ ಎತ್ತುವುದು, ಓಲಗದವರ ಪದ್ಧತಿ ಅದು. ಬಿರಿಯಾನಿಯ ಜೊಂಪಿನಲ್ಲಿದ್ದ ಅಂಜನಮೂರ್ತಿಯ ಕೈ ತಾನಾಗಿ ಎದ್ದಿತು, ಕೃತಿಯ ಮೊದಲ ಸ್ವರಕ್ಕೆ ಸರಿಯಾಗಿ ಡೋಲಿನ ಮೇಲೆ ಬಿತ್ತು. ಎರಡೂ ಒಂದಾಗಿ ಹೊರಟವು. ಅವನು ನಾಲ್ಕು ಆವರ್ತ ಬಾರಿಸಿ, ಸಂತೋಷದಿಂದ ಕಣ್ಣು ಬಿಟ್ಟು ಪಕ್ಕಕ್ಕೆ ನೋಡಿದ. ಮುನಿರಾಜಪ್ಪ ನಾದಸ್ವರವನ್ನು ಮಡಿಲಲ್ಲಿ ಮಲಗಿಸಿಕೊಂಡು, ಬಾಯಿಗೆ ಟವಲು ಅಡ್ಡ ಹಿಡಿದು ನಗು ತಡೆಯುತ್ತಿದ್ದ.

ಅಂಜನಮೂರ್ತಿಯ ಕೈ ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ನಾದಸ್ವರ ತುತ್ತತುದಿಗೆ ಹೋಗಿ ನಿಂತ ಜಾಗದಲ್ಲಿ, ಪರದೆಯ ಹಿಂದಿನಿಂದಲೇ ಅಕ್ತರನ ದನಿ ಬಂತು. "ವಾಹ್ ರೇ ವಾಹ್."

"ಚುಪ್ ಬೈಠೋ ಜೀ," ಎಂದಳು ಶರ್ಫುನ್ನೀಸಾ, ಕಣ್ಣು ಮುಚ್ಚಿಕೊಂಡೇ, ಪರದೆಯ ಕಡೆಗೆ. "ಇಲ್ಲಿ ನಮ್ಮ ಮನೆ ವಿಷಯ ತೀರ್ಮಾನ ಆಗ್ತಿದೆ, ಬಾಯಿ ಮುಚ್ಕೊಂಡಿರಕ್ಕೆ ಆಗಲ್ವಾ ನಿಮಗೆ?"

"ನಾನು ಇಲ್ಲಿದೀನಲ್ಲ," ಎಂದ ಅಕ್ತರ್, ಅವಳ ಬೆನ್ನ ಹಿಂದಿನಿಂದ.

ಶರ್ಫುನ್ನೀಸಾ ಹಿಂತಿರುಗಿ ಅವನನ್ನು ನೋಡಿದಳು. ಮತ್ತೆ ಪರದೆ ನೋಡಿದಳು. ನಾದಸ್ವರ ಇನ್ನೂ ಹಾಡುತ್ತಿತ್ತು. ರಾಯರು ಟೇಪು ನಿಲ್ಲಿಸಿದ್ದೇ ಅದೂ ನಿಂತಿತು.

"ಅಣ್ಣಾ," ಎಂದು ಪರದೆಯ ಹಿಂದೆ ಅಂಜನಮೂರ್ತಿ ನಡುಗುವ ದನಿಯಲ್ಲಿ ಕೇಳುತ್ತಿದ್ದ, "ನೀನು ಇಲ್ಲಿ ಸುಮ್ನೆ ಕೂತಿದ್ರೆ ನಾನು ಇಷ್ಟೊತ್ತು ಯಾರಿಗೆ ಬಾರಿಸ್ದೆ?"

ಮುನಿರಾಜಪ್ಪನಿಗೆ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ರಾಯರು ಮಾತ್ರ ನ್ಯಾಯದ ಮನುಷ್ಯ, ಪರದೆ ಸರಿಸಿ ಹೊರಗೆ ಬಂದು ಕನ್ನಡಕ ಒರೆಸಿಕೊಳ್ಳುತ್ತಾ, "ಇದು ಲೆಕ್ಕಕ್ಕೆ ಬರಲ್ಲ. ನಿಜವಾದ ಡೋಲು ಸೇರ್ಕೊಂಡ್ಬಿಡ್ತು," ಎಂದರು.

ಅಕ್ತರ್ ಹೆಂಡತಿಯ ಮುಖ ನೋಡಿದ. ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ರಾಯರ ಮಾತಿಗೆ ಅವಳು ಹೂಂ ಎಂದರೆ ಸಾಕು, ಮುಂದಿನ ಕೋಣೆ ಖಾಲಿ.

"ಡೋಲು ಬಿಡಿ ಸಾರ್," ಎಂದಳು ಶರ್ಫುನ್ನೀಸಾ. "ಫೋನಲ್ಲಿ ಇವರ ದನಿ ನಂಗೆ ಯಾವತ್ತೂ ಗೊತ್ತಾಗಲ್ಲ. ಈಗ ನಾನು ಬೈದಿದ್ದು ಡಬ್ಬಿಗೆ. ಸೋತೆ."

ಅಕ್ತರನಿಗೆ ಅಳು ಬಂದುಬಿಟ್ಟಿತು. ನಲವತ್ತೆಂಟರ ಗಂಡಸು, ಹೆಂಡತಿಯ ದುಪ್ಪಟ್ಟದ ತುದಿಯಿಂದಲೇ ಕಣ್ಣೊರೆಸಿಕೊಂಡ.

"ಇವೆರಡು ಮಾತ್ರ ಇರ್ಲಿ, ಮಿಕ್ಕ ಆರು ಗುಜರಿಗೆ," ಎಂದಳು ಅವಳು, ದುಪ್ಪಟ್ಟ ಎಳೆದುಕೊಳ್ಳುತ್ತಾ. ಅಕ್ತರ್ ಅದಕ್ಕೂ ಒಪ್ಪಿದ.

ಭಾನುವಾರ ಗಂಡಿನ ಕಡೆಯ ಹನ್ನೆರಡು ಜನವೂ ಮುಂದಿನ ಕೋಣೆಯಲ್ಲಿ ಸುಖವಾಗಿ ಕೂತರು. ಗೋಡೆಗೆ ನಿಂತಿದ್ದ ಎರಡು ಡಬ್ಬಿಗಳಿಗೆ ಶರ್ಫುನ್ನೀಸಾ ತಾನೇ ಕಸೂತಿಯ ಬಟ್ಟೆ ಹೊದಿಸಿದ್ದಳು. ಮಾತು ಮುಗಿದು, ಬಾಯಿ ಸಿಹಿಯೂ ಆದ ಮೇಲೆ ಗಂಡಿನ ತಂದೆ, ಇವೇನು ಎಂದು ಕೇಳಿದರು. ಅಕ್ತರ್ ಬಟ್ಟೆ ಸರಿಸಿ ಟೇಪು ಹಾಕಿದ, ಕತ್ತರಿಸದೇ ಇದ್ದದ್ದನ್ನೇ. ಆಮೇಲೆ ಹೆಂಡತಿಯ ಪಕ್ಕ ಬಂದು, ತುಟಿ ಬಿಗಿದುಕೊಂಡು ಕೂತ. ಆಲಾಪನೆ ಇಳಿಯಿತು, ಉಸಿರು ಬಂತು, ಕೃತಿ ಏರಿತು.

"ವಾಹ್ ರೇ ವಾಹ್," ಎಂದಿತು ಡಬ್ಬಿ.

ಶರ್ಫುನ್ನೀಸಾಳ ಮೊಣಕೈ ಅಕ್ತರನ ಪಕ್ಕೆಗೆ ಬಿತ್ತು.

"ನಾನಲ್ಲ ಕಣೇ, ಅದು," ಎಂದ ಅವನು ಪಿಸುದನಿಯಲ್ಲಿ.

"ಗೊತ್ತು," ಎಂದಳು ಅವಳು, ಮತ್ತು ಇನ್ನೊಂದು ತಿವಿದಳು.