ನಕಾಶೆಯಲ್ಲಿದ್ದ ಬಾವಿ

ಈ ಮನೆಯನ್ನು ವಾಸ್ತು ಆರಿಸಿಕೊಟ್ಟಿತು ಎಂದು ನಮ್ಮವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆರಿಸಿದ್ದು ಅಪ್ಪ, ಸಹಿ ಹಾಕಲು ವಾಸ್ತುವಿಗೆ ಕೈಯಿಲ್ಲ. ನಾವು ವಲಸೆ ಬಂದಿರುವ ಈ ದೇಶದಲ್ಲಿ, ಪುಕೆಕೊಹೆ ಪಟ್ಟಣದಿಂದ ಇನ್ನೂ ದಕ್ಷಿಣಕ್ಕೆ, ಹಿಂದೆ ಕಲ್ಲಿದ್ದಲು ತೆಗೆಯುತ್ತಿದ್ದ ಊರಿದು. ಹಳೆ ಸಾಮಾನಿನ ಅಂಗಡಿಯಲ್ಲಿ ಅಪ್ಪನಿಗೆ ಇಲ್ಲಿಯದೇ ಹಳೆಯ ನಕಾಶೆಯೊಂದು ಸಿಕ್ಕಿತ್ತು: ಗುಡ್ಡಗಳ ಏರಿಳಿತ ತೋರಿಸುವ ಕಂದು ಗೆರೆಗಳು, ತೊರೆ, ಈಗಿಲ್ಲದ ರೈಲುಹಳಿ. ನಾವು ಕೊಳ್ಳಲಿದ್ದ ಜಾಗದ ಈಶಾನ್ಯ ಮೂಲೆಯಲ್ಲಿ ಒಂದು ಪುಟ್ಟ ವೃತ್ತ.

"ಈಶಾನ್ಯದಾಗ ಬಾವಿ. ಇನ್ನೇನ ಬೇಕು?" ಎಂದರು ಅಪ್ಪ. ಅಪ್ಪ ಧಾರವಾಡದ ಕಡೆಯ ಸಿವಿಲ್ ಎಂಜಿನಿಯರ್; ಅವರು ಹೇಳಿದ ಮೇಲೆ ಮುಗಿಯಿತು. ಮನೆಗೆ ಬಂದ ಅಂಕಲ್, ಆಂಟಿಯರಿಗೆಲ್ಲ ಚೌಕಟ್ಟು ಹಾಕಿದ ನಕಾಶೆಯ ದರ್ಶನ.

ಈ ಚಳಿಗಾಲದ ಮಳೆಗೆ ಆ ಮೂಲೆಯ ಹುಲ್ಲು ತಟ್ಟೆಯಗಲ ಕುಸಿಯಿತು. ಅಮ್ಮ ಮಣ್ಣು ತುಂಬಿದಳು. ಮುಂದಿನ ವಾರ ಆ ಮಣ್ಣೇ ಇರಲಿಲ್ಲ; ಕುಳಿ ಹಿಟ್ಟು ನಾದುವ ಪರಾತದಷ್ಟಾಗಿತ್ತು.

"ಹಳೇ ಬಾವಿ. ಮಣ್ಣು ಕೆಳಗ ಕೂಡತದ," ಎಂದರು ಅಪ್ಪ.

"ಬಾವಿ ಅನ್ನೋದಕ್ಕ ಪುರಾವೆ ಏನು?" ಎಂದೆ.

"ಶುರು ಆತು ನೋಡ ವಕೀಲಗಿತ್ತಿದು. ಕಾಲೇಜಿನ ಡಿಬೇಟ್ ಮನಿಗ್ಯಾಕ ತರತಿ?"

ಎದುರಿನವರು ತೋರಿಸುವ ದಾಖಲೆಯನ್ನು ನೀನೇ ಓದು ಎಂಬುದು ಡಿಬೇಟಿನಲ್ಲಿ ಕಲಿತ ಮೊದಲ ಪಾಠ. ಶನಿವಾರ ಬೆಳಿಗ್ಗೆ ಅಪ್ಪ ತರಕಾರಿಗೆ ಹೋದಾಗ ನಕಾಶೆಯನ್ನು ಗೋಡೆಯಿಂದಿಳಿಸಿ ಹಿಂಬದಿಯ ಹಲಗೆ ಬಿಚ್ಚಿದೆ. ಕಾಗದದ ಕೆಳ ಅಂಚು ಹಿಂದಕ್ಕೆ ಮಡಚಿತ್ತು. ಬಿಡಿಸಿದರೆ, ಚಿಹ್ನೆಗಳ ಪಟ್ಟಿ. ಬಾವಿಗೆ ಅದರಲ್ಲಿ ಬೇರೆಯೇ ಗುರುತು. ನಮ್ಮ ವೃತ್ತದ ಮುಂದೆ ಬರೆದಿದ್ದದ್ದು "ಶಾಫ್ಟ್": ಗಣಿಯೊಳಕ್ಕೆ ಜನರನ್ನು ಇಳಿಸುತ್ತಿದ್ದ ನೆಟ್ಟನೆಯ ಆಳದ ಗುಂಡಿ.

ಗೆದ್ದೆ ಅನ್ನಿಸಿದ್ದು ಒಂದು ಕ್ಷಣ. ಆಮೇಲೆ ಆ ಕುಳಿ ನೆನಪಾಯಿತು. ಅಮ್ಮ ಎಲ್ಲಿ?

ಕಿಟಕಿಯಲ್ಲಿ ಕಂಡಳು. ಈಶಾನ್ಯ ಶುಭವೆಂದು ತುಳಸಿ ಕುಂಡವನ್ನು ಅಲ್ಲೇ ಇಟ್ಟಿದ್ದಳು. ಕುಳಿಯಿಂದ ಎರಡು ಹೆಜ್ಜೆ ಈಚೆಗೆ ಬಾಗಿ ನೀರು ಹಾಕುತ್ತಿದ್ದಳು. ಕೂಗಿದರೆ ಗಾಬರಿಯಾಗಿ ಓಡಿಯಾಳು. ಓಡಿದರೆ ನೆಲ ಅದುರೀತು. ಹಿತ್ತಿಲ ಬಾಗಿಲಲ್ಲಿ ನಿಂತು, "ಅಮ್ಮಾ, ಫೋನ್ ಬಂದದ. ಸಾವಕಾಶ ಬಾ," ಎಂದೆ. ಆ ದನಿ ನನ್ನದೆಂದು ನನಗೇ ಅನ್ನಿಸಲಿಲ್ಲ.

"ಯಾರದು?" ಎನ್ನುತ್ತ ಅವಳು ಅಲ್ಲೇ ನಿಂತು ಕೈ ತೊಳೆದುಕೊಂಡಳು, ಸೆರಗಿಗೆ ಒರೆಸಿಕೊಂಡಳು. ಆಮೇಲೆ ಬಂದಳು. ಮೆಟ್ಟಿಲ ಬಳಿ ಅವಳ ಮುಂಗೈ ಹಿಡಿದವಳು ಬಿಡಲೇ ಇಲ್ಲ.

ಅಪ್ಪ ಬಂದವರು ಮೇಜಿನ ಮೇಲೆ ಹರಡಿದ್ದ ನಕಾಶೆ ಕಂಡು ಕೈಚೀಲ ಹಿಡಿದೇ ನಿಂತರು. ಚೌಕಟ್ಟು ಹಾಕಿದ್ದು ಯಾವ ಅಂಗಡಿಯವನೂ ಅಲ್ಲ, ಅವರೇ. ಆ ಮಡಿಕೆಯೂ ಅಳತೆಪಟ್ಟಿ ಇಟ್ಟು ಎಳೆದ ಗೆರೆಯಷ್ಟು ನೇರವಾಗಿತ್ತು.

"ಅಪ್ಪಾ, ಮಡಚೂಕಿಂತ ಮೊದಲ ನೀವು ಇದನ್ನ ಓದಿದ್ರೋ ಇಲ್ಲೋ?"