ದೋಣಿಯಲ್ಲಿ ಬಿಚ್ಚಿದ ನಟ್ಟು

ಗಜಾನನನ ಸೈಕಲ್ಲಿನ ಬ್ರೇಕಿನಿಂದ ನಟ್ಟು ಬಿಚ್ಚಿದವನು ನಾನು. ಇನಾಸ ಮೇಸ್ತ್ರಿಯವರ ಕೈ ತಪ್ಪಿರಲಿಲ್ಲ. ಅವರು ಅದನ್ನು ಬಿಗಿ ಮಾಡಿದ್ದನ್ನು ಪಕ್ಕದಲ್ಲೇ ನಿಂತು ನಾನು ನೋಡಿದ್ದೆ. ಇಷ್ಟು ಮಾತು ಹೇಳಲು ನನಗೆ ಒಂಬತ್ತು ವರ್ಷ ಹಿಡಿಯಿತು — ಕಾರಣ ಹುಡುಕುತ್ತ ಕೂತರೆ ಇನ್ನೂ ಒಂಬತ್ತು ವರ್ಷ ಹೋದೀತು ಎಂದು ಮೊದಲು ಅದನ್ನೇ ಬರೆದುಬಿಟ್ಟಿದ್ದೇನೆ.

ರಾಜ್ಯ ಒಂದಾಗಿ ಕೆಲವೇ ವರ್ಷವಾಗಿದ್ದ ಕಾಲ. ಹಿರಿಯರ ಬಾಯಲ್ಲಿ ಇನ್ನೂ ಮುಂಬಯಿ ಸರಕಾರದ್ದೇ ಮಾತು. ಕುಮಟೆಯಲ್ಲಿ ನಮ್ಮದೊಂದು ಸೈಕಲ್ ಸಂಘವಿತ್ತು. ಸಂಘವೆಂದರೆ ಬೋರ್ಡಿಲ್ಲ, ಕೋಣೆಯಿಲ್ಲ. ಒಂಬತ್ತು ಜನ ತರುಣರು, ಒಂಬತ್ತು ಸೈಕಲ್ಲು. ನಾನು ಹೊಸದಾಗಿ ಶಾಲೆಯ ಮಾಸ್ತರನಾಗಿದ್ದೆ. ಸಂಘದ ಕಾರ್ಯದರ್ಶಿಯೂ ನಾನೇ. ಭಾನುವಾರ ಮಿರ್ಜಾನಿನವರೆಗೆ ಹೋಗಿ, ಹೊಳೆ ದಂಡೆಯಲ್ಲಿ ಕೂತು ಅವಲಕ್ಕಿ ತಿಂದು ಬರುವುದೇ ನಮಗೆ ದೊಡ್ಡ ಸವಾರಿ. ಆ ಸಲದ ಚಳಿಗಾಲದಲ್ಲಿ ಮುರುಡೇಶ್ವರದ ಸಮುದ್ರಕ್ಕೆ ಹೋಗಿ ಒಂದೇ ದಿನದಲ್ಲಿ ಮರಳಬೇಕೆಂದು ಎಲ್ಲರನ್ನೂ ಹುರಿದುಂಬಿಸಿದವನು ನಾನು.

"ಮನೆ ಹಿಂದೇ ಸಮುದ್ರ ಇಟ್ಕಂಡು ಅಲ್ಲಿವರೆಗೆ ಎಂತಕ್ಕೆ ಹೋಗೂದು?" ಎಂದು ನನ್ನ ಅಕ್ಕ ನಕ್ಕಿದ್ದಳು.

ಒಂದು ನಿಯಮವನ್ನೂ ನಾನೇ ಮಾಡಿದ್ದೆ. ಹೊನ್ನಾವರದ ಹೊಳೆ ದಾಟುವ ಮೊದಲು ಯಾರ ಸೈಕಲ್ ಕೆಟ್ಟರೂ ಅವರು ಅಲ್ಲಿಂದಲೇ ಹಿಂದೆ ಹೋಗಬೇಕು, ಉಳಿದವರು ಕಾಯುವುದಿಲ್ಲ ಎಂದು. ಆ ಮಾತನ್ನು ನಾನು ಎದೆಯುಬ್ಬಿಸಿ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಹೊರಡುವ ಹಿಂದಿನ ದಿನ ಸಂಜೆ ಒಂಬತ್ತೂ ಸೈಕಲ್ಲುಗಳನ್ನು ಇನಾಸ ಮೇಸ್ತ್ರಿಯವರ ಅಂಗಡಿಗೆ ಒಯ್ದೆವು. ಪೇಟೆಯ ಒಂದು ತುದಿಯಲ್ಲಿ, ತಗಡಿನ ಮಾಡಿನ ಸಣ್ಣ ಅಂಗಡಿ. ಮೇಸ್ತ್ರಿಯವರ ವಯಸ್ಸು ಐವತ್ತರ ಹತ್ತಿರ, ಮಾತು ಕಡಿಮೆ. ಉಳಿದವರು ಚಹಾ ಕುಡಿಯಲು ಹೋದರು, ನಾನು ಮಾತ್ರ ನಿಂತೆ. ಒಂದೊಂದೇ ಸೈಕಲ್ಲನ್ನು ತಿರುವಿ ನಿಲ್ಲಿಸಿ, ಗಾಲಿ ತಿರುಗಿಸಿ, ಬ್ರೇಕ್ ಒತ್ತಿ, ಗಾಲಿ ಗಕ್ಕನೆ ನಿಂತ ಮೇಲೆಯೇ ಅವರು ಮುಂದಿನದಕ್ಕೆ ಕೈಹಾಕುತ್ತಿದ್ದರು. ಗಜಾನನನದು ಕೊನೆಯದು. "ಇದು ಜೋರು ಓಡ್ಸುವವಂದು, ಇನ್ನೊಂದು ಸುತ್ತು ಬಿಗಿ ಮಾಡ್ತೆ," ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಬಿಗಿ ಮಾಡಿದರು. ನಾನು ಕಂಡೆ.

ಗಜಾನನ ನಮ್ಮೆಲ್ಲರಲ್ಲಿ ಗಟ್ಟಿಗ. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸಕ್ಕೆ ಅರ್ಜಿ ಹಾಕಿದ್ದ. ಮುಂದಿನ ವಾರ ದೇಹಪರೀಕ್ಷೆಗೆ ಕರೆ ಬಂದಿತ್ತು. ಬಾಲ್ಯದಿಂದಲೂ ನನ್ನ ಗೆಳೆಯ. ಇದನ್ನೂ ಬರೆಯಲೇಬೇಕು — ವೈರಿಯ ಸೈಕಲ್ಲಿಗೆ ನಾನು ಕೈಹಾಕಿದ್ದಲ್ಲ.

ಬೆಳಿಗ್ಗೆ ಹೊರಟೆವು. ದಾರಿ ಕೆಂಪು ಜಲ್ಲಿಯದ್ದು, ಹಲ್ಲು ಕಟಕಟ ಎನ್ನುವಂಥದ್ದು. ಹೊನ್ನಾವರ ಇನ್ನೇನು ಬಂತು ಎನ್ನುವಾಗ ನನ್ನ ಹಿಂದಿನ ಬ್ರೇಕ್ ಸಡಿಲವಾಯಿತು. ಬಗ್ಗಿ ನೋಡಿದರೆ ಬ್ರೇಕಿನ ಕಡ್ಡಿಯನ್ನು ಹಿಡಿದಿಡುವ ನಟ್ಟು ಜಲ್ಲಿಯ ಕುಲುಕಾಟಕ್ಕೆ ಎಲ್ಲೋ ಉದುರಿಹೋಗಿತ್ತು. ಹೇಳಿದರೆ ಹಿಂದಿರುಗಬೇಕು — ನನ್ನದೇ ನಿಯಮ. ಹೊನ್ನಾವರದ ಪೇಟೆಯಲ್ಲಿ ನಿಂತು ನಟ್ಟು ಹುಡುಕಿದರೂ ಎಲ್ಲರಿಗೂ ತಿಳಿದುಹೋಗುತ್ತಿತ್ತು. ಎಂಟು ಜನ ದೋಣಿ ಹತ್ತಿ ಕೈಬೀಸುವುದು, ನಾನು ದಂಡೆಯಲ್ಲಿ ನಿಂತು ನೋಡುವುದು... ಅದನ್ನು ನೆನೆಸಿಕೊಳ್ಳಲೂ ಆಗಲಿಲ್ಲ. ಸುಮ್ಮನಾದೆ.

ಹೊನ್ನಾವರದಲ್ಲಿ ಶರಾವತಿಯನ್ನು ದೋಣಿಯಲ್ಲಿ ದಾಟಬೇಕು. ಸೈಕಲ್ಲುಗಳನ್ನೆಲ್ಲ ದೋಣಿಯ ಹಿಂಭಾಗದಲ್ಲಿ ಒಂದರ ಮೇಲೊಂದು ಒರಗಿಸಿದರು. ಎಲ್ಲರೂ ಮುಂದೆ ಹೋಗಿ ಕೂತು ಹಾಡುತ್ತಿದ್ದರು. ಅಂಬಿಗನ ಕಣ್ಣು ನೀರಿನ ಮೇಲೆ. ನಟ್ಟು ಬಿಚ್ಚುವ ಸಂಘದ ಪಾನಾ ನನ್ನ ಚೀಲದಲ್ಲಿತ್ತು. ಕೈಗೆ ಹತ್ತಿರ ಸಿಕ್ಕಿದ್ದು ಗಜಾನನನ ಸೈಕಲ್ಲು.

ಗಜೂ ಎಷ್ಟೆಂದರೂ ಗಟ್ಟಿ ಸವಾರ. ಅವನಿಗೆ ಮುಂದಿನ ಬ್ರೇಕ್ ಒಂದೇ ಸಾಕು. ಮುಂದೆ ಮಂಕಿ ಊರಿನಲ್ಲಿ ಅಂಗಡಿ ಸಿಕ್ಕರೆ ಹೊಸ ನಟ್ಟು ಕೊಂಡು ಹಾಕಿಕೊಟ್ಟರಾಯಿತು... ಹೀಗೆಲ್ಲ ಯೋಚಿಸಿದ್ದೆ. ಅಷ್ಟರಲ್ಲಿ ನಟ್ಟು ನನ್ನ ಅಂಗೈಯಲ್ಲಿತ್ತು. ಅದನ್ನು ನನ್ನ ಸೈಕಲ್ಲಿಗೆ ಹಾಕಿ ಬಿಗಿದೆ. ಅವನ ಬ್ರೇಕಿನ ಕಡ್ಡಿ ಜೋತುಬೀಳುತ್ತಿತ್ತು. ಅದನ್ನು ಎತ್ತಿ ಅದರ ಜಾಗದಲ್ಲೇ ಕೂರಿಸಿಟ್ಟೆ — ಹೊರಗಿನಿಂದ ನೋಡಿದವರಿಗೆ ತಿಳಿಯದಂತೆ. ಉಳಿದದ್ದಕ್ಕೆಲ್ಲ ಗಡಿಬಿಡಿ, ಅಂಜಿಕೆ, ಏನಾದರೂ ಹೆಸರು ಕೊಡಬಹುದು. ಕಡ್ಡಿಯನ್ನು ಹಾಗೆ ಕೂರಿಸಿಟ್ಟದ್ದಕ್ಕೆ ಯಾವ ಹೆಸರೂ ಇಲ್ಲ.

ಆಚೆ ದಡದಲ್ಲಿ ಇಳಿದಾಗ ಹೇಳಬಹುದಿತ್ತು. "ಗಜೂ, ಇಳಿಜಾರಿನಲ್ಲಿ ನಿಧಾನ," ಅಷ್ಟು ಸಾಕಿತ್ತು. ಬಾಯಿಯವರೆಗೆ ಬಂತು. ಯಾಕೆ ಎಂದು ಅವನು ಕೇಳಿದರೆ? — ಆ ಒಂದು ಪ್ರಶ್ನೆಗೆ ಹೆದರಿ ನುಂಗಿಕೊಂಡೆ. ಮುಂದೆ ಬಹಳ ದೂರ ದಾರಿ ಸಮತಟ್ಟು. ಅವನು ಬ್ರೇಕ್ ಹಿಡಿಯಲೇ ಇಲ್ಲ. ನಾನು ಬೇಕೆಂದೇ ಅವನ ಹಿಂದೆಯೇ ಇದ್ದೆ. ಪ್ರತಿ ತಿರುವಿನಲ್ಲೂ ಅವನ ಹಿಂದಿನ ಗಾಲಿಯನ್ನೇ ನೋಡುತ್ತಿದ್ದೆ. ಮಂಕಿಗೆ ಮೊದಲು ಒಂದು ಇಳಿಜಾರು ಬಂತು. ಅವನು ಹಿಂದೆ ತಿರುಗಿ ನನ್ನನ್ನು ನೋಡಿ ನಕ್ಕ. "ಬಾರಾ ಮಾಸ್ತರಾ, ಯಾರು ಮೊದ್ಲು ನೋಡ್ವ!" ಎಂದು ಸೈಕಲ್ ಬಿಟ್ಟ.

ನಾನು "ಗಜೂ!" ಎಂದು ಕೂಗಿದೆ. ಕೂಗಿದ್ದು ಹೆಸರು ಮಾತ್ರ.

ಕೆಳಗಿನ ತಿರುವಿನಲ್ಲಿ ಎತ್ತಿನ ಗಾಡಿ ಅಡ್ಡ ಬಂತು. ಹಿಂದಿನ ಬ್ರೇಕ್ ಹಿಡಿಯದಿದ್ದಾಗ ಅವನು ಮುಂದಿನದನ್ನು ಪೂರ್ತಿ ಒತ್ತಿರಬೇಕು. ಜಲ್ಲಿಯ ಮೇಲೆ ಸೈಕಲ್ಲಿನ ಹಿಂಭಾಗ ಮೇಲೆದ್ದಿತು. ಅವನು ಮೋರಿಯ ಕಲ್ಲಿನ ಮೇಲೆ ಹೋಗಿ ಬಿದ್ದ. ನಾನು ಅದೇ ಇಳಿಜಾರನ್ನು ಇಳಿದೆ, ಸರಿಯಾದ ಜಾಗದಲ್ಲಿ ಬ್ರೇಕ್ ಹಿಡಿದೆ, ನಿಂತೆ. ಅವನ ನಟ್ಟು ನನ್ನನ್ನು ನಿಲ್ಲಿಸಿತು.

ಬಲಗಾಲಿನ ಮಂಡಿ ಪುಡಿಯಾಗಿತ್ತು. ಅದೇ ಗಾಡಿಯಲ್ಲಿ ಮಲಗಿಸಿ ಹೊಳೆಯವರೆಗೆ ತಂದೆವು, ಮತ್ತೆ ದೋಣಿ. ಅವನ ತಲೆ ನನ್ನ ತೊಡೆಯ ಮೇಲಿತ್ತು. ಅಂಬಿಗ ಹುಟ್ಟು ಎಳೆದಾಗಲೆಲ್ಲ ನರಳುತ್ತಿದ್ದ. ನಡುಹೊಳೆಯಲ್ಲಿ ರಾಮದಾಸ, ಸಂಘದಲ್ಲಿ ದೊಡ್ಡ ಬಾಯಿಯವನು, ಮುರಿದ ಸೈಕಲ್ಲನ್ನು ತಡವಿ ನೋಡಿ ಕೂಗಿದ: "ಇಲ್ಲಿ ಕಾಣಿ! ಬ್ರೇಕಿಗೆ ನಟ್ಟೇ ಇಲ್ಲ! ಆ ಮೇಸ್ತ್ರಿ ಹಾಕ್ಲೇ ಇಲ್ಲ!"

ಎಲ್ಲರೂ ಇನಾಸರನ್ನು ಬಯ್ಯತೊಡಗಿದರು. ನಾನು ಗಜಾನನನ ಹಣೆಯ ಬೆವರು ಒರೆಸುತ್ತಿದ್ದೆ.

ಮರುದಿನ ಸೈಕಲ್ ಹೊತ್ತುಕೊಂಡು ಅವರ ಅಂಗಡಿಗೆ ಹೋದೆವು. ದಾರಿಯುದ್ದಕ್ಕೂ ಜನ ಸೇರಿದರು. ರಾಮದಾಸ ಅದನ್ನು ಅವರ ಮುಂದೆ ಎಸೆದು, "ಇದಕ್ಕೆ ನಟ್ಟು ಹಾಕಿದ್ಯಾ ನೀನು? ಬಾಯಿಬಿಡು!" ಎಂದ. ತಂದೆಯ ವಯಸ್ಸಿನವರಿಗೆ ಏಕವಚನ. ಇನಾಸರು ಕುಕ್ಕರುಗಾಲಿನಲ್ಲಿ ಕೂತು, ಆ ಕಡ್ಡಿಯ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದರು.

"ಮಾಸ್ತರ್ರೇ, ನೀವು ಇಲ್ಲೇ ನಿಂತಿದ್ರಿ. ನಾ ಬಿಗಿ ಮಾಡಿದ್ದು ನೀವು ಕಂಡಿದ್ರಿ, ಅಲ್ದಾ?"

ಇಡೀ ಪೇಟೆ ನನ್ನ ಬಾಯಿ ನೋಡುತ್ತಿತ್ತು.

"ನಂಗೆ ನೆನಪಿಲ್ಲ ಮೇಸ್ತ್ರಿ," ಎಂದೆ.

ಅವರು ತಮ್ಮ ಅಂಗೈ ನೋಡಿಕೊಂಡರು. ಮತ್ತೆ ಮೆಲ್ಲಗೆ, "ಹಂಗಾರೆ ನನ್ನ ಕೈಯೇ ತಪ್ಪಿರ್ಬೇಕು," ಎಂದರು.

ಗಜಾನನನ ಕಾಲು ಕೂಡಿಕೊಂಡರೂ ಮಂಡಿ ಮಡಿಸಲು ಬರಲಿಲ್ಲ. ಗಾರ್ಡ್ ಕೆಲಸ ಹೋಯಿತು. ಈಗ ಕೋರ್ಟಿನ ಎದುರು ಒಂದು ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಾನೆ. ಇನಾಸರ ಅಂಗಡಿಗೆ ಹೋಗುವವರು ಕಡಿಮೆಯಾದರು. ಹೋದವರೂ ಬೇಸತ್ತರು — ಒಂದು ನಟ್ಟನ್ನು ಅವರು ನಾಲ್ಕು ಸಲ ಬಿಗಿ ಮಾಡಿ, ಕೊಟ್ಟ ಸೈಕಲ್ಲನ್ನು ಮತ್ತೆ ಕರೆದು ನೋಡುತ್ತಿದ್ದರಂತೆ. ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚಿ ಭಟ್ಕಳದ ತಂಗಿಯ ಮನೆಗೆ ಹೋದರು. ಸಂಘ ಆ ದಿನವೇ ಮುಗಿದಿತ್ತು. ನಾನು ಮದುವೆಯಾದೆ, ಹೆಡ್‌ಮಾಸ್ತರನಾದೆ. ಶಾಲೆಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದೆ.

ಕಳೆದ ತಿಂಗಳು ಶಾಲೆಯ ಕೆಲಸಕ್ಕೆ ಭಟ್ಕಳಕ್ಕೆ ಹೋಗಿದ್ದೆ. ಬಸ್ಸಿಗೆ ಕಾಯುವಾಗ ಎದುರಿನ ಸೈಕಲ್ ಅಂಗಡಿಯ ಮೂಲೆಯಲ್ಲಿ ಇನಾಸರು ಕೂತಿದ್ದರು. ತಲೆ ಪೂರ್ತಿ ಬೆಳ್ಳಗೆ. ಗಿರಾಕಿಯೊಬ್ಬ ಬ್ರೇಕ್ ತೋರಿಸಿದ. "ಅದು ಅವ್ರ ಹತ್ರ ಮಾಡ್ಸಿ. ನಾ ಪಂಚರ್ ಮಾತ್ರ ಹಾಕೂದು," ಎಂದು ಅಂಗಡಿಯ ಇನ್ನೊಬ್ಬ ಮೇಸ್ತ್ರಿಯತ್ತ ಕೈತೋರಿದರು. ಅಷ್ಟರಲ್ಲಿ ನನ್ನ ಗುರುತು ಹಿಡಿದು ಎದ್ದು ನಿಂತರು.

"ಮಾಸ್ತರ್ರಲ್ದಾ? ಗಜಾನನ ಹೆಂಗಿದ್ದ? ಕಾಲು ಈಗ ನೋಯ್ತದ್ಯಾ?" ಕೈ ಒರೆಸಿಕೊಳ್ಳುತ್ತ, "ಅವನ ಹೆಸ್ರಲ್ಲಿ ಇಗರ್ಜಿಲಿ ಮೇಣದಬತ್ತಿ ಹಚ್ತೆ. ಮತ್ತೆಂತ ಮಾಡೂಕೆ ಬತ್ತದೆ ನನ್ನ ಕೈಲಿ?"

ಬಸ್ಸು ಬಂತು. ನಾನು ಹತ್ತಿಬಿಟ್ಟೆ. ಹೌದು — ಆಗಲೂ.

ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಗಜಾನನನ ಮನೆಗೆ ಹೋಗಿ, ಅವನ ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಅವನು ಮಡಿಸಲಾಗದ ಕಾಲನ್ನು ಎರಡೂ ಕೈಗಳಿಂದ ಹಿಡಿದು ಕೇಳಿದ.

"ಕಾಲು ಹೋದದ್ದು ಹೋತು," ಎಂದ ಕೊನೆಗೆ. "ಒಂಬತ್ತು ವರ್ಷ ಆ ಮನುಷ್ಯನ್ನ ಶಾಪ ಹಾಕ್ದೆ ನಾನು. ನೀ ನನ್ನ ಹತ್ರ ಕೂತು ಹೂಂ ಹೂಂ ಅಂದೆ. ಅದನ್ನೆಂತ ಮಾಡೂದು, ಹೇಳು?" ಅವನು ಅಂಗಳದತ್ತ ಕೈತೋರಿಸಿದ. "ಏಳು. ಇನ್ನು ಈ ಜಗಲಿ ಹತ್ಬೇಡ."

ಮರುದಿನ ಭಟ್ಕಳಕ್ಕೆ ಹೋದೆ. ಇನಾಸರು ಟ್ಯೂಬಿಗೆ ಗಾಳಿ ಹಾಕಿ ನೀರಿನಲ್ಲಿ ಮುಳುಗಿಸುತ್ತಿದ್ದರು. ನಿಂತಲ್ಲೇ ಹೇಳಿದೆ — ದೋಣಿ, ಪಾನಾ, ಕಡ್ಡಿ, ನೆನಪಿಲ್ಲ ಎಂದ ಮಾತು, ಎಲ್ಲ. ಅವರ ಕೈ ನೀರಿನಲ್ಲೇ ಇತ್ತು. ಟ್ಯೂಬು ತೇಲಿ ಮೇಲೆ ಬಂತು. ಸಿಟ್ಟಾಗಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

"ನಾ ಹಾಕಿದ್ದೆ ಅಂತ ನಂಗೆ ಗೊತ್ತಿತ್ತು ಮಾಸ್ತರ್ರೇ," ಎಂದರು. "ನೀವು ನೆನಪಿಲ್ಲ ಅಂದ್ರಲ್ಲ — ಓದಿದವರು, ಸುಳ್ಳು ಹೇಳೂದಿಲ್ಲ ಅಂದ್ಕಂಡೆ. ಆಮೇಲೆ ನಂಗೇ ಗೊತ್ತಿಲ್ಲದ ಹಂಗೆ ಆತು."

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದೆಳೆದುಕೊಂಡರು.

"ಇದೆಲ್ಲ ಬ್ಯಾಡ. ಇಲ್ಲಿ ನನ್ನೊಬ್ಬನ ಹತ್ರ ಹೇಳಿ ಎಂತ ಆತು? ಕುಮಟೇಲಿ ನಾಲ್ಕು ಜನರ ಎದುರಿಗೆ ನನ್ನ ಕೇಳಿದ್ದು. ಅಲ್ಲಿ ಹೇಳಿ."

ಮತ್ತೆ ಟ್ಯೂಬನ್ನು ನೀರಿಗೆ ಒತ್ತಿದರು. ಇನ್ನು ನನ್ನ ಕಡೆ ನೋಡುವುದಿಲ್ಲವೆಂದು ತಿಳಿದು ಹೊರಟುಬಂದೆ.

ಅದಕ್ಕೇ ಇದನ್ನು ಬರೆದದ್ದು. ಬಾಯಲ್ಲಿ ಹೇಳಹೊರಟರೆ ಎಲ್ಲಾದರೂ ಒಂದು ಮಾತು ಮೆತ್ತಗಾದೀತು, ಎಲ್ಲಾದರೂ ನನ್ನ ಪರವಾಗಿ ನಾನೇ ವಾದಿಸಿಯೇನು ಎಂಬ ಭಯ. ನಾಳೆ ಕುಮಟೆಯ ಸಂತೆ. ಅವರ ಅಂಗಡಿಯಿದ್ದ ಜಾಗದಲ್ಲಿ ನಿಂತು ಇದನ್ನು ಗಟ್ಟಿಯಾಗಿ ಓದುತ್ತೇನೆ. ರಾಮದಾಸನಿಗೆ ಬರಲು ಹೇಳಿದ್ದೇನೆ. ಗಜಾನನನಿಗೂ ಹೇಳಿ ಕಳುಹಿಸಿದ್ದೇನೆ; ಉತ್ತರ ಬಂದಿಲ್ಲ. ಹೆಂಡತಿಗೆ ಈಗಷ್ಟೇ ಓದಿ ಹೇಳಿದೆ. ಒಳಗೆ ಹೋದವಳು ಇನ್ನೂ ಹೊರಗೆ ಬಂದಿಲ್ಲ. ಸಂತೆಗೆ ನನ್ನ ಶಾಲೆಯ ಮಕ್ಕಳು ಅಪ್ಪ ಅಮ್ಮನ ಜತೆ ಬರುತ್ತಾರೆ. ಅವರೂ ಕೇಳಲಿ.