ಒಣಗದ ಗೋಣಿ

ಬೆಂಗಳೂರಿನ ಬಿಟಿಎಂ ಬಡಾವಣೆಯ ನಮ್ಮ ಮನೆಯ ಮಹಡಿಯ ಕೋಣೆಗೆ ಕಲಬುರಗಿಯ ಹೆಂಗಸೊಬ್ಬಳು ಬಾಡಿಗೆಗೆ ಬಂದಿದ್ದಳು. ಬೇಸಿಗೆಯಲ್ಲಿ ಕಿಟಕಿಗೆ ಗೋಣಿತಾಟು ಕಟ್ಟಿ, ಹಾಸಿಗೆ ಹಿಡಿದ ಗಂಡನಿಗಾಗಿ ಗಂಟೆಗೊಮ್ಮೆ ಅದಕ್ಕೆ ನೀರು ಚಿಮುಕಿಸುತ್ತಿದ್ದಳು. ಅದನ್ನು ಹಾದು ಬಂದ ಗಾಳಿ ತಣ್ಣಗಿರುತ್ತಿತ್ತು.

“ಸಂಪಲ್ಲಿ ನೀರಿಲ್ಲ ಕಣಮ್ಮ” ಎಂದು ನಾನು ಗೊಣಗಿದರೆ, ಅಂಗೈಯಿಂದ ಗೋಣಿ ಮುಟ್ಟಿ ನೋಡುತ್ತಾ, “ಹಾಕಿದ ನೀರು ಗಾಳಿಗೆ ಒಣಗಬೇಕ್ರೀ ಅಕ್ಕಾರ, ಒಣಗಿದ್ರನ ತಂಪು” ಎನ್ನುತ್ತಿದ್ದಳು.

ಆಮೇಲೆ ಇನ್ನೊಂದು ಬಾಡಿಗೆ ಕೋಣೆಯ ಆಸೆಗೆ, ಆ ಕಿಟಕಿಯಿಂದ ಗೇಣು ದೂರದಲ್ಲಿ ನಾನು ಗೋಡೆ ಎಬ್ಬಿಸಿದೆ. ಗಾಳಿ ನಿಂತಿತು. ಅವಳು ಜಗಳವಾಡಲಿಲ್ಲ, ನೀರು ಚಿಮುಕಿಸುವುದನ್ನೂ ಬಿಡಲಿಲ್ಲ. ಕೋಣೆಯ ಧಗೆಗೆ ಮುಗ್ಗಲು ವಾಸನೆ ಸೇರಿತು. ಒಂದು ಸಂಜೆ ಗೋಣಿ ಮುಟ್ಟಿ, “ಮುಂಜಾನಿ ಹಾಕಿದ ನೀರು ಹಂಗೇ ಅದರೀ” ಎಂದಳಷ್ಟೆ.

ಮೇ ತಿಂಗಳಲ್ಲಿ ಗಂಡ ತೀರಿಕೊಂಡ. ಅವಳು ಊರಿಗೆ ಹೊರಟುಹೋದಳು.

ಮೂರನೆಯ ದಿನ ಕೋಣೆ ಗುಡಿಸಲು ಹೋಗಿ ಗೋಣಿ ಬಿಚ್ಚಿದೆ. ಅಂಗೈಗೆ ಇನ್ನೂ ಹಸಿ ತಗುಲಿತು.